ಪಂಚಮಿಗೆ ಬರುವವರ ಲೆಕ್ಕ

ಜೂನ್ ೧೯, ೧೯೬೬. ಭಾನುವಾರ. ಕೊಲ್ಲಾಪುರ

ಮೂವತ್ತೊಂದನೆಯ ಆಟ. ಹದಿನಾಲ್ಕನೆಯ ಸುತ್ತಿಗೇ ಕೆಂಪು ಮುಗಿಯಿತು. ಸಣ್ಣ ಬುಟ್ಟಿಯ ಹಣೆಬರಹವೇ ಇಷ್ಟು.

ಆಟ ಎಂದರೆ ಅವರೆಕಾಳಿನ ಆಟ. ಬಿಳಿ ಕಾಳು — ಇನ್ನೂ ದಡಾರ ಬಾರದ ಮಗು. ಕೆಂಪು ಶಾಯಿಯಲ್ಲಿ ಅದ್ದಿದ್ದು — ಈಗ ಮೈಮೇಲೆ ಎದ್ದಿರುವ ಮಗು. ಕಪ್ಪು ಶಾಯಿಯದು — ಬಂದು ಹೋಗಿ, ಇನ್ನು ಜನ್ಮದಲ್ಲಿ ಬಾರದ ಮಗು. ಊರಿಗೊಂದು ಬುಟ್ಟಿ, ಸಣ್ಣದು ಗಡಹಿಂಗ್ಲಜ. ಬುಟ್ಟಿಯ ಕಾಳನ್ನೆಲ್ಲ ಮೊರದಲ್ಲಿ ಕಲಸಿ ಬಿದಿರಿನ ದಬ್ಬೆಯಲ್ಲಿ ಸಾಲಾಗಿ ಸುರಿಯುವುದು. ಕೆಂಪಿನ ಮಗ್ಗುಲಿಗೆ ಬಿದ್ದ ಬಿಳಿ, ಮುಂದಿನ ಸುತ್ತಿಗೆ ಕೆಂಪು. ಹಳೆಯ ಕೆಂಪು ಕಪ್ಪಾಗುತ್ತದೆ. ಹುಟ್ಟುವ ಮಕ್ಕಳ ಬಾಬ್ತು ಸುತ್ತಿಗೆ ಎರಡು ಹೊಸ ಬಿಳಿ. ಒಂದು ಸುತ್ತು ಅಂದರೆ ಹನ್ನೆರಡು ದಿನ.

ಪ್ರಶ್ನೆ ಇಷ್ಟೇ: ಊರು ಎಷ್ಟು ದೊಡ್ಡದಿದ್ದರೆ ಕೆಂಪು ಎಂದೂ ಮುಗಿಯುವುದಿಲ್ಲ? ಇದಕ್ಕೆ ಸಮೀಕರಣ ಬರೆದರೆ ಪಿಎಚ್.ಡಿ. ಕಾಳು ಸುರಿದರೆ ಮನೆಯವರ ನಗು.

ಸಂಜೆ ಊಟಕ್ಕೆ ಕೂತಾಗ ಉಸಳಿ. ಬಲು ರುಚಿ. ಎರಡನೆಯ ಸಲ ಹಾಕಿಸಿಕೊಳ್ಳುವಾಗ ಅನುಮಾನ ಬಂತು. ಮನೆ ಮಾಲಕಿ ಹೌಸಾಬಾಯಿ ಕಾಗಲದವರು. ಕನ್ನಡ ಮರಾಠಿ ಎರಡನ್ನೂ ಕಲಸಿ ಆಡುತ್ತಾರೆ.

“ಅಹೋ ಮಾಸ್ತರ, ಶಾಯಿ ಹಚ್ಚಿದ್ದು ಬಿಟ್ಟೇನಿ. ಬಿಳೀವು ಅಷ್ಟs ತಗೊಂಡೇನಿ. ಸುಮ್ಮನ ಹುಳ ಹಿಡೀತಾವ ನೋಡ್ರಿ.”

ಗಡಹಿಂಗ್ಲಜದ ದಡಾರ ಬಾರದ ಮಕ್ಕಳನ್ನೆಲ್ಲ ತಿಂದು ಕೈ ತೊಳೆದೆ. ಈ ಡೈರಿ ಕನ್ನಡದಲ್ಲಿ ಬರೆಯುವುದೇ ವಾಸಿ — ಅವರಿಗೆ ಓದಲು ಬರುವುದು ಮರಾಠಿ ಮಾತ್ರ.

ಜೂನ್ ೨೩, ಗುರುವಾರ

ಮೂರು ಊರಿನ ಶಾಲೆಗಳ ಹಾಜರಿ ಪುಸ್ತಕಗಳು ಮುಗಿದವು. ಹುಡುಗರು ಯಾಕೆ ಬರಲಿಲ್ಲ ಎಂದು ಮಾಸ್ತರರು ಪಕ್ಕದಲ್ಲಿ ಬರೆದಿರುತ್ತಾರೆ: ಜ್ವರ, ಲಗ್ನ, ಗೋವರ. ನಮ್ಮ ದಡಾರಕ್ಕೆ ಮರಾಠಿಯಲ್ಲಿ ಗೋವರ. ಎಂಟು ವರ್ಷದ್ದು ಎಣಿಸಿದೆ.

ಕೊಲ್ಲಾಪುರ — ಗೋವರ ಇಲ್ಲದ ಒಂದು ತಿಂಗಳೂ ಸಿಗಲಿಲ್ಲ. ಇಚಲಕರಂಜಿ — ನಡುನಡುವೆ ಆರು ತಿಂಗಳು, ಎಂಟು ತಿಂಗಳು ಖಾಲಿ. ಗಡಹಿಂಗ್ಲಜ, ಅಂದರೆ ನನ್ನೂರು — ೧೯೫೮ರಲ್ಲಿ ಒಮ್ಮೆ, ೧೯೬೨ರಲ್ಲಿ ಒಮ್ಮೆ. ನಡುವೆಯೂ ಆಮೇಲೂ ಒಂದೇ ಒಂದು ಹೆಸರಿಲ್ಲ. ಸಣ್ಣ ಬುಟ್ಟಿ ಮಾಡಿದ್ದನ್ನೇ ಸಣ್ಣ ಊರೂ ಮಾಡಿದೆ. ಪುಸ್ತಕ ಮುಚ್ಚಿ ಗ್ರಂಥಾಲಯದಲ್ಲೇ ಒಬ್ಬನೇ ನಕ್ಕೆ. ಪಕ್ಕದವರು ಕುರ್ಚಿ ಸರಿಸಿಕೊಂಡರು.

ನನ್ನ ಗೈಡ್‌ಗೆ ತೋರಿಸಿದೆ. ಸರ್ ಕೇಳಿದ್ದು ಮೂರೇ ಮಾತು: ಆರಿದ್ದು ಸರಿ, ಮತ್ತೆ ಹೊತ್ತಿಸಿದವರು ಯಾರು? ಎರಡು ಸಲವೂ ಮಳೆಗಾಲದಲ್ಲೇ ಯಾಕೆ? ೧೯೬೨ರಲ್ಲಿ ಆಗಸ್ಟ್ ನಡುವೆಯೇ ಶುರು, ೧೯೫೮ರಲ್ಲಿ ಸೆಪ್ಟೆಂಬರ್ — ಆ ಎರಡು ವಾರದ ಅಂತರ ಯಾತಕ್ಕೆ?

ಮೂರನ್ನೂ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರೆದುಕೊಂಡೆ.

೧೯೬೨ ನೆನಪಿದೆ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ನಮ್ಮ ಓಣಿಯಲ್ಲೇ ಎರಡು ಮಕ್ಕಳು ಉಳಿಯಲಿಲ್ಲ. ಈ ವಿಷಯ ಯಾಕೆ ಆರಿಸಿಕೊಂಡೆ ಎಂದು ಕೇಳಿದವರಿಗೆಲ್ಲ ಗಣಿತ ಚೆನ್ನಾಗಿದೆ ಅನ್ನುತ್ತೇನೆ. ಅದು ಅರ್ಧ ಮಾತ್ರ ನಿಜ.

ಜೂನ್ ೨೬, ಭಾನುವಾರ. ಗಡಹಿಂಗ್ಲಜ

ಸಿಕ್ಕಿತು! ಅವ್ವನ ಅಡುಗೆಮನೆಯಲ್ಲಿ ಸಿಕ್ಕಿತು!

ಮೊದಲಿಂದ ಬರೆಯಬೇಕು. ಸಾವಿತ್ರಕ್ಕ ತವರಿಗೆ ಬಾರದೆ ಮೂರು ವರ್ಷ. ಅಪ್ಪನಿಗೆ ಅಳಿಯ ತನ್ನ ಮೆಣಸಿನಕಾಯಿ ಅಂಗಡಿಯಲ್ಲಿ ಕೂಡಬೇಕೆಂಬ ಆಸೆ. ಅಕ್ಕನ ಗಂಡ ಹಣಮಪ್ಪ ಮಾಮಾನಿಗೆ ಯಂತ್ರದ ಹುಚ್ಚು. ದತ್ತವಾಡದ ಹೊಲ ತಮ್ಮನಿಗೆ ಬಿಟ್ಟು, ಇಚಲಕರಂಜಿ ಮಗ್ಗುಲ ಕಬನೂರಿಗೆ ಹೋಗಿ ಪಾವರ್‌ಲೂಮ್ ಹಿಡಿದರು. “ಮಾವನ ತಕ್ಕಡಿ ಹಿಡ್ಯಾಕ ನನ್ನ ಕೈಗೆ ಬರೂದಿಲ್ಲ” ಅಂದರಂತೆ. ಅಪ್ಪ ಅಂದಿನಿಂದ ಆ ಹೆಸರೆತ್ತಿಲ್ಲ. ಅಕ್ಕನ ಮೂವರು ಮಕ್ಕಳಲ್ಲಿ ಇಬ್ಬರನ್ನು ಅಜ್ಜ ನೋಡಿಯೇ ಇಲ್ಲ.

ಇವತ್ತು ಊಟದ ಹೊತ್ತಿಗೆ ಅವ್ವ ಪಟ್ಟು ಹಿಡಿದಳು. “ಕೇಳ್ರಿಲ್ಲೆ. ಈ ಪಂಚಮಿಗೆ ನನ್ನ ಮಗಳ ಬರಬೇಕು. ಓಣ್ಯಾಗ ಹನ್ನೊಂದು ಮನಿ ಹೆಣ್ಣಮಕ್ಕಳು ಬರ್ತಾರ, ಜೋಕಾಲಿ ಆಡತಾರ. ನಾ ಅಷ್ಟs ಬಾಗಲದಾಗ ನಿಂತು ನೋಡ್ಲೇನು?”

ಅಪ್ಪ ರೊಟ್ಟಿ ಮುರಿಯುತ್ತಲೇ ಇದ್ದರು. “ಕರಸು. ಅಕೀನ, ಮಕ್ಕಳನ್ನ. ಅಂವನ್ನಲ್ಲ.”

ಅವ್ವನ ಮುಖ ನೋಡಬೇಕಿತ್ತು. ಎದ್ದು ಹೋಗಿ ತುಪ್ಪ ತಂದು, ಕೇಳದೆಯೇ ಎಲ್ಲರಿಗೂ ಬಡಿಸಿದಳು. ಆಮೇಲೆ ಬೆರಳು ಮಡಿಸುತ್ತ ಓಣಿಗೆ ಬರುವವರನ್ನು ಎಣಿಸಿದಳು: ಇವಳು ಕೊಲ್ಲಾಪುರದಿಂದ, ಇವಳು ಇಚಲಕರಂಜಿಯಿಂದ, ಮಕ್ಕಳೆಷ್ಟು… ಕೇಳುತ್ತ ಕೇಳುತ್ತ ತುತ್ತು ಬಾಯಲ್ಲೇ ನಿಂತಿತು. ಹೊತ್ತಿಸುವವರು! ವರ್ಷಕ್ಕೊಮ್ಮೆ, ಒಂದೇ ವಾರದಲ್ಲಿ, ದೊಡ್ಡ ಊರಿನ ಮಕ್ಕಳೆಲ್ಲ ಅವ್ವಂದಿರ ಸೆರಗು ಹಿಡಿದು ಸಣ್ಣ ಊರಿಗೆ ಬರುತ್ತಾರೆ. ನಾನೋ ಸಮೀಕರಣದಲ್ಲಿ ಪರವೂರಿಂದ ಬರುವವರನ್ನು ವರ್ಷದ ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿ ಕೂತಿದ್ದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಹುಟ್ಟಿ ಪಂಚಮಿ ಮರೆತ ಗಣಿತಜ್ಞ!

ಹೋದ ವರ್ಷ ಹಬ್ಬ ಆಗಸ್ಟ್ ೨ಕ್ಕೆ. ನಮ್ಮ ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಂದರೆ ಈ ವರ್ಷ ಜುಲೈ ೨೨. ಬರೆದುಕೊಂಡೆ. ಕೆಳಗೆ ಎರಡು ಗೆರೆ.

ಜುಲೈ ೩, ಭಾನುವಾರ. ಕಬನೂರ

ಕರೆಯಲು ಹೋದೆ. ಬಾಗಿಲಿಗೆ ಬೇವಿನ ತಪ್ಪಲು.

ಅಕ್ಕನ ಹಿರಿಮಗಳು, ಐದು ವರ್ಷದ ಹಾಲವ್ವನಿಗೆ ದಡಾರ. ೩೦ನೇ ತಾರೀಖಿಗೆ ಎದ್ದಿದೆ. ಅಕ್ಕ ರೋಗದ ಹೆಸರು ಹೇಳುವುದಿಲ್ಲ — “ಅವ್ವ ಬಂದಾಳ” ಅನ್ನುತ್ತಾಳೆ. ಒಗ್ಗರಣೆ ಇಲ್ಲ, ಚಪ್ಪಲಿ ಹೊರಗೆ, ಜೋರು ಮಾತಿಲ್ಲ. ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ, ಹೆದರಿಕೆ ಇಲ್ಲ. ನಾನು ಕಪ್ಪು ಕಾಳು.

ಅಪ್ಪ ಕರೆದಿದ್ದಾರೆ ಎಂದೆ. ಅಕ್ಕ ಒಲೆಯ ಕಡೆ ತಿರುಗಿ ಕೂತಳು. “ಅವರನ್ನೂ ಕರದಾರೇನು?”

ಸುಳ್ಳು ಹೇಳಲು ಆಗಲಿಲ್ಲ. ನಿನ್ನನ್ನು, ಮಕ್ಕಳನ್ನು ಎಂದೆ.

“ಇರ್ಲಿ ಬಿಡು. ನಾ ಬರ್ತೇನಿ. ಮೂರು ವರ್ಷ ಆತು ತಮ್ಮಾ, ಅವ್ವನ ಮುಖ ನೋಡಿ.” ಕಣ್ಣೊರೆಸಿಕೊಂಡು ನಕ್ಕಳು. ನಕ್ಕಾಗ ಅವಳು ಇನ್ನೂ ಹಳೆಯ ಸಾವಿತ್ರಿಯೇ.

ಮಾಮಾ ಮಗ್ಗ ತೋರಿಸಿದರು. ನಾಲ್ಕು ಮಗ್ಗ, ಒಬ್ಬ ಮನುಷ್ಯ. ಕಾಳಿನ ಆಟ ಹೇಳಿದೆ — ಆ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು. ಒಂದೇ ಸಲಕ್ಕೆ ತಿಳಿಯಿತು ಅವರಿಗೆ. “ಹಂಗಾರ ಕರೀ ಕಾಳು ನಡುವ ಭಾಳ ಆದ್ರ ಕೆಂಪಿಗೆ ಬಿಳೀದು ಸಿಗೂದs ಇಲ್ಲ. ಹೌದಲ್ಲೋ?” ಎಂ.ಎಸ್ಸಿ. ಹುಡುಗರಿಗೆ ಇದಕ್ಕೆ ಎರಡು ಲೆಕ್ಚರ್ ಬೇಕು. ಅಪ್ಪ ಈ ಮನುಷ್ಯನನ್ನು ತಕ್ಕಡಿ ಮುಂದೆ ಕೂರಿಸಲು ಹೊರಟಿದ್ದರು.

ಜುಲೈ ೧೪, ಗುರುವಾರ. ಕೊಲ್ಲಾಪುರ

ಅಕ್ಕನ ಕಾರ್ಡು. ನಡುವಿನವ ಸಿದ್ರಾಮನಿಗೂ “ಅವ್ವ ಬಂದಾಳ”. ೧೨ನೇ ತಾರೀಖು. ಸರಿಯಾಗಿ ಹನ್ನೆರಡು ದಿನ. ಒಂದು ಸುತ್ತು.

ಇನ್ನುಳಿದದ್ದು ಹತ್ತು ತಿಂಗಳ ಕೂಸು. ಅದಕ್ಕೆ ಬರುವುದಾದರೆ ೨೪ರ ಸುಮಾರಿಗೆ. ಮೈಮೇಲೆ ಏಳುವ ನಾಲ್ಕು ದಿನ ಮೊದಲೇ ಅದು ಬೇರೆಯವರಿಗೆ ಅಂಟಿಸುತ್ತದೆ. ೨೦ರಿಂದ. ಹಬ್ಬ ೨೨.

ಅವ್ವನ ಲೆಕ್ಕದಂತೆ ಓಣಿಯಲ್ಲಿ ನಾಲ್ಕು ವರ್ಷದೊಳಗಿನವು ಮೂವತ್ತೆಂಟು. ಮೂವತ್ತೆಂಟೂ ಬಿಳಿ. ಎಲ್ಲ ಒಂದೇ ಜೋಕಾಲಿಯ ಸುತ್ತ, ಎಲ್ಲರೂ ಕೂಸನ್ನು ಎತ್ತಿಕೊಳ್ಳುವವರೇ.

ಎಷ್ಟು ಸಲ ಹಾಕಿದರೂ ಅದೇ ಉತ್ತರ. ಬರಬೇಡ ಅನ್ನಬೇಕು. ನಾನೇ ಅನ್ನಬೇಕು.

ಜುಲೈ ೧೫

ಬರೆದೆ. ಎರಡು ಪುಟ. ಕೂಸಿಗೆ ಬರುವ ಸಂಭವ ಇಷ್ಟು, ಓಣಿಗೆ ಹಬ್ಬುವ ಸಂಭವ ಅಷ್ಟು — ಅಂಕಿ ಹಾಕಿ ವಿವರಿಸಿದೆ. ಕೊನೆಗೆ, ಆದುದರಿಂದ ಈ ಸಲ ಪಂಚಮಿಗೆ ಬರಬೇಡ. ತಾರೀಖು ಬರೆಯಲಿಲ್ಲ, ಹಬ್ಬ ಎಂದು ಎಂಬುದು ಯಾರಿಗೆ ಗೊತ್ತಿಲ್ಲ? ಪೆಟ್ಟಿಗೆಗೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ತೆಗೆಯಲು ನೋಡಿದೆ. ಬರಲಿಲ್ಲ.

ಜುಲೈ ೧೮, ಸೋಮವಾರ

ಉತ್ತರ ಬಂತು. ಅಕ್ಕ ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಇದ್ದ ಹಾಗೆ ಇಳಿಸಿಕೊಳ್ಳುತ್ತೇನೆ:

“ತಮ್ಮಾ, ನಿನ್ನ ಪತ್ರ ಮುಟ್ಟಿತು. ಇವರು ಓದಿ ಅರ್ಥಾ ಹೇಳಿದರು. ಅಪ್ಪ ಇವರನ್ನ ಬ್ಯಾಡ ಅಂದಾರ, ನೀ ನನ್ನನ್ನ ಬ್ಯಾಡ ಅಂದಿ. ನಿನ್ನ ಗಣಿತದಾಗ ನಾ ಎಷ್ಟನೇದಾಕಿ? ಈ ವರ್ಷ ಬರೂದಿಲ್ಲ, ಮುಂದಿನ ವರ್ಷಾನೂ ಇಲ್ಲ. ಅವ್ವಗ ಹೇಳು, ಉಂಡಿ ಕಟ್ಟಬ್ಯಾಡ ಅಂತ.”

ಊಟ ಬಿಟ್ಟೆ. ಕ್ಲಾಸಿನಲ್ಲಿ ಹಲಗೆಯ ಮೇಲೆ ಬರೆದದ್ದು ಎಲ್ಲ ತಪ್ಪು. ಹುಡುಗರು ಪಾಪ, ತಪ್ಪನ್ನೇ ಬರೆದುಕೊಂಡರು.

ಜುಲೈ ೧೯, ಮಂಗಳವಾರ. ಬೆಳಿಗ್ಗೆ

ನಾನು ಕತ್ತೆ. ದೊಡ್ಡ ಅಕ್ಷರದಲ್ಲಿ — ಕತ್ತೆ.

ಎರಡು ಹೊತ್ತು ಉಣ್ಣಲಿಲ್ಲ ಎಂದು ಹೌಸಾಬಾಯಿ ಚಹಾ ಹಿಡಿದು ಮೇಲೇರಿ ಬಂದರು. ಏನಾತು ಮಾಸ್ತರ, ಯಾರು ಸತ್ತಾರ? ಎಲ್ಲ ಹೇಳಿದೆ. ಶುಕ್ರವಾರ ಪಂಚಮಿ, ಅಕ್ಕ ಬರುವುದಿಲ್ಲ —

“ಯಾವ ಶುಕ್ರಾರ?”

“ಇದೇ ೨೨ಕ್ಕೆ.”

ಬಾಯಿ ತೆರೆದು ನನ್ನನ್ನೇ ನೋಡಿದರು. ಆಮೇಲೆ ನಗು ಶುರುವಾಯಿತು. ಗೋಡೆ ಹಿಡಿದರು, ಕೂತರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಚಹಾ ಎಲ್ಲ ತುಳುಕಿ ಬಸಿಯಲ್ಲಿ.

“ಅರೇ ದೇವಾ! ಇವತ್ತಿಂದ ಧೋಂಡ್ಯಾಚಾ ಮಹಿನಾ ಹತ್ತೇತಿ! ಅಧಿಕ ಮಾಸ! ಪಂಚಮಿ ಮುಂದಿನ ತಿಂಗಳ ಇಪ್ಪತ್ತೊಂದಕ್ಕ! ಓಣಿ ನಾಯಿಗೂ ಗೊತ್ತೈತಿ, ನಿಮಗ ಗೊತ್ತಿಲ್ಲಾ? ಕಾಲೇಜಿನ್ಯಾಗ ಏನ್ ಕಲಸ್ತೀರಿ?”

ಗಣಿತ, ಎಂದೆ. ಮತ್ತೆ ಬಿದ್ದು ಬಿದ್ದು ನಕ್ಕರು.

ಹನ್ನೊಂದು ದಿನ ಹಿಂದೆ ಸರಿದು ಸರಿದು, ಮೂರು ವರ್ಷಕ್ಕೊಮ್ಮೆ ಇಡೀ ಒಂದು ತಿಂಗಳು ಹೆಚ್ಚು ಹಾಕಿ ಸರಿತೂಗಿಸುತ್ತಾರೆ. ಗೊತ್ತಿರಲಿಲ್ಲವೆಂದಲ್ಲ. ಕ್ಯಾಲೆಂಡರ್ ನೋಡುವ ಬದಲು ಕಳೆದೆ. ಕಳೆಯುವುದರಲ್ಲಿ ನಾನು ಗಟ್ಟಿಗ.

ಅದೇ ದಿನ, ಮಧ್ಯಾಹ್ನ

ಆಗಸ್ಟ್ ೨೧! ಕೂಸಿಗೆ ೨೪ಕ್ಕೆ ಬಂದರೂ ಜುಲೈ ಮುಗಿಯುವಷ್ಟರಲ್ಲಿ ವಾಸಿ. ಹಬ್ಬದ ಹೊತ್ತಿಗೆ ಅಕ್ಕನ ಮನೆ ಪೂರ್ತಿ ಕಪ್ಪು ಕಾಳು. ಓಣಿಗೆ ಬರುವ ಅತಿಥಿಗಳಲ್ಲಿ ಅವಳ ಮಕ್ಕಳಷ್ಟು ನಿರಪಾಯದವರು ಬೇರೆ ಯಾರೂ ಇರಲಾರರು.

ಇನ್ನೊಂದು. ಹಳೆಯ ಪಂಚಾಂಗ ತೆಗೆಸಿ ನೋಡಿದೆ. ೧೯೬೨ — ಪಂಚಮಿ ಆಗಸ್ಟ್ ಮೊದಲ ವಾರ. ೧೯೫೮ — ಆ ವರ್ಷವೂ ಅಧಿಕ ಮಾಸ! ಪಂಚಮಿ ಆಗಸ್ಟ್ ಮೂರನೇ ವಾರ. ಸರ್ ಕೇಳಿದ ಆ ಎರಡು ವಾರ ಇಲ್ಲಿವೆ! ಹಬ್ಬ ಸರಿದಷ್ಟೇ ಗೋವರವೂ ಸರಿದಿದೆ. ಪಂಚಾಂಗದ ಮುದುಕ ಜೋಯಿಸರ ಕಾಲಿಗೆ ಬಿದ್ದೆ. ಅವರು ನನಗೆ ಲಗ್ನ ಕೂಡಿದೆಯೆಂದು ತಿಳಿದು ಆಶೀರ್ವಾದ ಮಾಡಿದರು.

ಸರ್ ಎರಡು ಸಲ ಓದಿ, ಕನ್ನಡಕ ತೆಗೆದು, ನಕ್ಕರು. ಮೂರು ವರ್ಷದಲ್ಲಿ ಮೊದಲ ಸಲ.

ಅಕ್ಕನಿಗೆ ಬರೆದೆ. ಈ ಸಲ ಅಂಕಿ ಇಲ್ಲ. ನಾನು ಕತ್ತೆ, ಬಾ — ಇಷ್ಟೇ.

ಜುಲೈ ೨೯

ಉತ್ತರ ಇಲ್ಲ. ಮತ್ತೆ ಬರೆದೆ.

ಜುಲೈ ೩೧, ಭಾನುವಾರ. ಗಡಹಿಂಗ್ಲಜ

ಅವ್ವನ ತಲೆ ನನಗಿಂತ ಚುರುಕು. ಧೋಂಡಿ ತಿಂಗಳಲ್ಲಿ ಅಳಿಯನನ್ನು ಕರೆದು ಉಣಿಸಿ, ಮೂವತ್ತಮೂರು ಅನಾರಸ — ಅಕ್ಕಿ ಬೆಲ್ಲದ ಕರಿದ ತಿಂಡಿ — ಕೊಡುವುದು ಇಲ್ಲಿಯ ಮರಾಠಿ ಮನೆಗಳ ಪದ್ಧತಿ. ಅವ್ವ ಅದನ್ನೇ ಹಿಡಿದುಕೊಂಡಳು.

ಅಪ್ಪ ಕೆರಳಿದರು. “ನಮ್ಮ ಮಂದ್ಯಾಗ ಧೋಂಡಿ-ಗೀಂಡಿ ಯಾವಾಗಿತ್ತು?”

“ಈ ವರ್ಷದಿಂದ ಐತ್ರಿ,” ಅಂದಳು ಅವ್ವ. ಅಕ್ಕಿ ನೆನೆಹಾಕಿಯೇ ಮಾತು ತೆಗೆದಿದ್ದಳು.

ಅಪ್ಪ ಎದ್ದು ಅಂಗಡಿಗೆ ಹೋದರು. ನಾನೂ ಹಿಂದೆಯೇ ಹೋದೆ. ಮೆಣಸಿನಕಾಯಿ ಚೀಲದ ಮೇಲೆ ಕೂತು ಸೀನುತ್ತ ಅರ್ಧ ಗಂಟೆ. ಆಮೇಲೆ, ನನ್ನ ಕಡೆ ನೋಡದೆ —

“ಗುರುಸಿದ್ದಾ. ಈ ಗೋವರ, ಒಮ್ಮಿ ಬಂದು ಹೋದ್ರ ಮತ್ತ ಬರೂದಿಲ್ಲಲಾ?”

“ಇಲ್ಲಪಾ.”

“ಅಂವಗ… ಹಣಮಪ್ಪಗ… ಸಣ್ಣಾಂವ ಇದ್ದಾಗ ಬಂದಿತ್ತೇನು?”

“ಬಂದಿತ್ತು. ದತ್ತವಾಡದಾಗ. ನಾನs ಕೇಳೇನಿ.”

ಇನ್ನೆರಡು ಸೀನು.

“ಹಂಗಾರ ಅಂವಾ ಬಂದ್ರೂ ಊರಿಗೇನು ಧೋಕಾ ಇಲ್ಲ.”

“ಏನೂ ಇಲ್ಲಪಾ.”

“ಮತ್ತ ಬರ್ಲಿ. ವೈದ್ಯಶಾಸ್ತ್ರದಾಗ ನಡೀತದಂದ ಮ್ಯಾಲ ನಂದೇನದ?”

ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ವರ್ಷದ ಸಮೀಕರಣದಲ್ಲಿ ಇಷ್ಟು ಉಪಯೋಗದ ಉತ್ತರ ಇದುವರೆಗೆ ಬಂದಿರಲಿಲ್ಲ.

ಆಗಸ್ಟ್ ೭, ಭಾನುವಾರ. ಕಬನೂರ

ಅನಾರಸದ ಡಬ್ಬಿ, ಧೋತರ, ಅಪ್ಪನ ಬಾಯಿಮಾತಿನ ಕರೆ. ಹೊತ್ತುಕೊಂಡು ಹೋದೆ.

ಬಾಗಿಲಲ್ಲಿ ಬೇವಿಲ್ಲ. ಕೂಸಿಗೆ ೨೫ಕ್ಕೆ ಎದ್ದಿತ್ತಂತೆ. ಈಗ ತೊಡೆಯ ಮೇಲೆ ಕೂತು ನನ್ನ ಕನ್ನಡಕ ಕೀಳುತ್ತಿದೆ. ನನ್ನ ಲೆಕ್ಕ ಒಂದೇ ದಿನ ತಪ್ಪು! ಖುಷಿ ಮುಖದ ಮೇಲೆ ಬಂದಿರಬೇಕು.

“ಮಕ್ಕಳು ಮಲಗಿದ್ದಕ್ಕ ನಿನಗ ಹಿಗ್ಗು ಆತೇನು?” ಇವತ್ತು ಅಕ್ಕ ನನ್ನೊಡನೆ ಆಡಿದ ಮೊದಲ ಮಾತು.

ಇಲ್ಲ ಅಕ್ಕಾ, ಕೂಸು ನಗುವುದಕ್ಕೆ ಎಂದೆ. ತಪ್ಪಾಯಿತು ಎಂದೆ. ಪತ್ರ ಹಾಗೆ ಬರೆಯಬಾರದಿತ್ತು, ಬಂದು ಎದುರಿಗೆ ಕೂತು ಹೇಳಬೇಕಿತ್ತು ಎಂದೆ. ಅವಳು ಡಬ್ಬಿ ತೆರೆದು ಅನಾರಸ ಎಣಿಸತೊಡಗಿದಳು. ಮೂವತ್ತೊಂದು. ಮತ್ತೊಮ್ಮೆ ಎಣಿಸಿದಳು.

“ಎರಡು ಕಡಿಮಿ ಅದಾವ.”

“ಬಸ್ಸಿನ್ಯಾಗ… ಹಸಿವಿ ಆಗಿತ್ತು.”

ತುಟಿ ಕಚ್ಚಿ ನಗು ತಡೆದಳು. ತಡೆದೇ ಬಿಟ್ಟಳು. ಬರುತ್ತೇನೆ ಅನ್ನಲಿಲ್ಲ. ಮಾಮಾನಿಗೆ ಅಪ್ಪ ಕರೆದದ್ದು ಹೇಳಿದೆ. ಧೋತರ ತೊಡೆಯ ಮೇಲಿಟ್ಟುಕೊಂಡು ಅದರ ಅಂಚಿನ ನೇಯ್ಗೆಯನ್ನೇ ಬಹಳ ಹೊತ್ತು ನೋಡಿದರು. “ನೋಡೂಣು,” ಅಂದರು.

ಆಗಸ್ಟ್ ೧೬

ಧೋಂಡಿ ತಿಂಗಳು ಮುಗಿಯಿತು. ಕಾರ್ಡು ಇಲ್ಲ.

ಸರ್ ಕೈಗೆ ಮುಚ್ಚಿದ ಲಕೋಟೆ ಕೊಟ್ಟೆ: ಗಡಹಿಂಗ್ಲಜದಲ್ಲಿ ಈ ವರ್ಷದ ಮೊದಲ ಗೋವರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಅವ್ವನಿಗೂ ಹೇಳಿದ್ದೆ. ಅವಳು ಓಣಿಯ ಹನ್ನೊಂದು ಮನೆಗೂ ಹೋಗಿ, ಬೇವು ಕಟ್ಟಿದ ಮನೆಯ ಹೆಣ್ಣುಮಕ್ಕಳು ಗಣಪತಿ ಹಬ್ಬಕ್ಕೆ ಬರಲಿ ಎಂದು ಒಪ್ಪಿಸಿ ಬಂದಿದ್ದಾಳೆ. ಇಬ್ಬರು ಮಾತ್ರ ಅಂಥವರು. ಮುನಿಸಿಲ್ಲ, ಜಗಳವಿಲ್ಲ, ಅವ್ವ ಅಂಕಿ ಹಾಕಲಿಲ್ಲ, ಎರಡೆರಡು ಉಂಡಿ ಹೆಚ್ಚು ಕೊಡುತ್ತೇನೆ ಅಂದಳು. ಲಕೋಟೆ ಸುಳ್ಳಾಗಲಿ ದೇವರೇ. ಪಿಎಚ್.ಡಿ. ಹೋದರೆ ಹೋಗಲಿ.

ಆಗಸ್ಟ್ ೨೦, ಶನಿವಾರ. ಗಡಹಿಂಗ್ಲಜ, ಎಸ್.ಟಿ. ಸ್ಟ್ಯಾಂಡ್

ಮಧ್ಯಾಹ್ನ ೨. ನಾಳೆ ಪಂಚಮಿ. ಇಳಿಯುವ ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಎಣಿಸುತ್ತಿದ್ದೇನೆ. ಸಂಶೋಧನೆ. ಹೆಂಗಸರನ್ನು ನೋಡಿ ನೋಡಿ ಬರೆದುಕೊಳ್ಳುವವನು ಯಾರು ಎಂದು ಕಂಡಕ್ಟರ್ ಒಮ್ಮೆ ವಿಚಾರಿಸಿ ಹೋದ.

೩-೧೫. ಕೊಲ್ಲಾಪುರ ಗಾಡಿ. ಹೆಣ್ಣುಮಕ್ಕಳು ೯, ಮಕ್ಕಳು ೧೬. ಎಲ್ಲರ ತಲೆಯಲ್ಲೂ ಅಬ್ಬಲಿಗೆ. ಸ್ಟ್ಯಾಂಡೆಲ್ಲ ನಗು, ಗದ್ದಲ, ಕರೆಯಲು ಬಂದ ಅಣ್ಣತಮ್ಮಂದಿರು.

೪-೧೦. ಇಚಲಕರಂಜಿ ಗಾಡಿ. ಹೆಣ್ಣುಮಕ್ಕಳು ೬, ಮಕ್ಕಳು ೧೧. ಅವಳಿಲ್ಲ.

೪-೩೦. ಅಪ್ಪ ಬಂದರು. ಮೆಣಸಿನಕಾಯಿ ಚೀಲ ಬರುವುದಿದೆಯಂತೆ. ಶನಿವಾರ ಚೀಲ ಬರುವುದಿಲ್ಲ ಎಂದು ನನಗೆ ಗೊತ್ತು. ನನಗೆ ಗೊತ್ತು ಎಂದು ಅವರಿಗೂ ಗೊತ್ತು. ಬೆಂಚಿನ ಆ ತುದಿಗೆ ಅವರು, ಈ ತುದಿಗೆ ನಾನು. ಹೊಸ ರುಮಾಲು ಸುತ್ತಿದ್ದಾರೆ.

೫-೦೫. ಸಂಕೇಶ್ವರ ಗಾಡಿ. ೩, ೪. ಇಲ್ಲ. ಇನ್ನೊಂದೇ ಗಾಡಿ ಉಳಿದಿದೆ. ಅಪ್ಪ ಚಹಾ ತರಿಸಿದರು, ಇಬ್ಬರೂ ಕುಡಿಯಲಿಲ್ಲ. “ನೀ ಪತ್ರ ಹಂಗ ಬರೀಬಾರದಿತ್ತು,” ಅಂದರು. “ನೀವು ಮೂರು ವರ್ಷ ಬಿಡಬಾರದಿತ್ತು,” ಎಂದುಬಿಟ್ಟೆ. ಅಪ್ಪ ಬೈಯಲಿಲ್ಲ. ಹೂಂ ಅಂದರು.

೫-೫೦. ಇಚಲಕರಂಜಿ, ಕೊನೆಯದು. ಹೆಣ್ಣುಮಕ್ಕಳು — ಒಂದು. ಎರಡು. ಮಕ್ಕಳು ಮೂರು. ಮೂರನೆಯವಳು, ಅಲ್ಲ, ಇವರು ಮುದುಕಿ. ನಾಲ್ಕು… ಇಲ್ಲ. ಕಂಡಕ್ಟರ್ ಬಾಗಿಲಿಗೆ ಕೈ ಹಾಕಿದ. ಒಳಗಿಂದ ಯಾರೋ ತಡಿ ಅಂದರು. ಗಂಡಸು. ಇಳಿದರು. ಹೊಸ ಧೋತರ, ತೋಳಲ್ಲಿ ಕೂಸು. ಅಪ್ಪ ಎದ್ದಿದ್ದಾರೆ — ಓಡುತ್ತಿದ್ದಾರೆ — ಅಪ್ಪ ಓಡಿದ್ದು ನಾನೆಂದೂ ನೋಡಿಲ್ಲ — ಮಾಮಾ ಬಗ್ಗಿ ಕಾಲು ಮುಟ್ಟುವುದರೊಳಗೆ ಕೂಸನ್ನು ಕಿತ್ತುಕೊಂಡರು, ಅದು ರುಮಾಲು ಎಳೆಯುತ್ತಿದೆ. ಹಾಲವ್ವ ಇಳಿದಳು. ಸಿದ್ರಾಮ. ಮಕ್ಕಳು ೬, ಅಳಿಯ ೧ — ಗಂಡಸರಿಗೆ ಕಾಲಮ್ಮೇ ಹಾಕಿಲ್ಲ ನಾನು. ಮೆಟ್ಟಿಲ ಮೇಲೆ ಅಕ್ಕ, ಎರಡೂ ಕೈಯಲ್ಲಿ ಚೀಲ, ಬರೀತಾ ನಿಂತೀಯೇನೋ ಹಿಡಿ ಬಾ ಅಂತ